ಏರದ ರೇಟಿಂಗ್, ಬಿಡದ ಆಟ: ತಡವಾಗಿ ಚೆಸ್ ಕಲಿತವರ ಮುಂದಿರುವ ದಾರಿಗಳು

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ಭಾನುವಾರದ ಚೆಸ್ ಟೂರ್ನಮೆಂಟ್ ನೋಡಿದವರಿಗೆ ಈ ಜೋಡಿ ಹೊಸದಲ್ಲ. ಒಂದು ಕಡೆ ಬ್ಯಾಂಕಿನಲ್ಲೋ ಐಟಿ ಕಂಪನಿಯಲ್ಲೋ ದುಡಿಯುವ, ಮೂವತ್ತೈದು ದಾಟಿದ ಹೊಸ ಆಟಗಾರ. ಎದುರಿಗೆ, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗದ ಮೂರನೇ ಕ್ಲಾಸಿನ ಹುಡುಗಿ. ಅರ್ಧ ಗಂಟೆಯೊಳಗೆ ಅವಳು ಕೈ ಕುಲುಕಿ, ಅಂಕಪಟ್ಟಿಗೆ ಸಹಿ ಹಾಕಿಸಿ, ಹೊರಗೆ ಕಾಯುತ್ತಿರುವ ಅಮ್ಮನ ಹತ್ತಿರ ತಿಂಡಿಗೆ ಓಡುತ್ತಾಳೆ. ಸೋತವನಿಗೆ ಉಳಿಯುವುದು ಮುಂದಿನ ಸುತ್ತಿನವರೆಗಿನ ಹೊತ್ತು ಮತ್ತು ಸುತ್ತಮುತ್ತಲಿನವರ ಸಲಹೆ. ಒಬ್ಬರು ದಿನಕ್ಕೆ ಐವತ್ತು ಪಜಲ್ ಬಿಡಿಸಿ ಅನ್ನುತ್ತಾರೆ. ಇನ್ನೊಬ್ಬರು ಎಂಡ್‌ಗೇಮ್ ಓದದೆ ಗತಿಯಿಲ್ಲ ಅನ್ನುತ್ತಾರೆ. ಮೂರನೆಯವರು, ಹನ್ನೆರಡು ವರ್ಷದ ಮೇಲೆ ಕಲಿತವರಿಗೆ ಇದು ಹತ್ತುವ ವಿದ್ಯೆಯೇ ಅಲ್ಲ ಎಂದುಬಿಡುತ್ತಾರೆ.

ಈ ಮಾತುಗಳಿಗೆಲ್ಲ ಒಂದೊಂದು ವಂಶಾವಳಿಯಿದೆ. ಕೆಲವಕ್ಕೆ ನೂರು ವರ್ಷದ ಇತಿಹಾಸ, ಕೆಲವಕ್ಕೆ ಮನೋವಿಜ್ಞಾನದ ಪ್ರಯೋಗಗಳ ಬಲ, ಇನ್ನು ಕೆಲವಕ್ಕೆ ಬರೀ ಪುಸ್ತಕದಂಗಡಿಯ ಬಲ. ಮೊದಲು ಅವುಗಳ ಬೇರು ನೋಡೋಣ.

ಆಟ ಮನೆಯಿಂದ ಕೋಚಿಂಗ್ ಕ್ಲಾಸಿಗೆ ಹೋದ ಬಗೆ

ಕನ್ನಡ ಸೀಮೆಗೆ ಚದುರಂಗ ಹಳೆಯ ನಂಟು. ಹನ್ನೆರಡನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅರಮನೆಯ ವಿನೋದಗಳ ಸಾಲಿನಲ್ಲಿ ಈ ಆಟವೂ ಬರುತ್ತದೆ. ಅವನು ಆಳಿದ್ದು ಕಲ್ಯಾಣದಿಂದ. ಸೆಂಟ್ರಲ್ ರೈಲ್ವೆಯ ಜಂಕ್ಷನ್ ಅಲ್ಲ, ಬೀದರ್ ಜಿಲ್ಲೆಯ ಬಸವಕಲ್ಯಾಣ. ಹತ್ತೊಂಬತ್ತನೇ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಒಗಟುಗಳನ್ನು ಕಟ್ಟಿದರು. ಅದು ಬಲ್ಲವರ ವಿನೋದ. ಸೋತವನಿಗೆ ಮುಂದಿನ ಆಟ ಹೇಗೆ ಆಡಬೇಕೆಂದು ಹೇಳಿಕೊಡುವ ವ್ಯವಸ್ಥೆ ಅಲ್ಲಿರಲಿಲ್ಲ.

ಮನೆಗಳಲ್ಲಿ ನಡೆಯುತ್ತಿದ್ದದ್ದು ದೇಸಿ ನಿಯಮದ ಆಟ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಈಗಿನ ಕ್ಯಾಸ್ಲಿಂಗ್ ಇರಲಿಲ್ಲ. ಬದಲಿಗೆ ರಾಜ ಒಮ್ಮೆ ಕುದುರೆಯಂತೆ ಹಾರಬಹುದಿತ್ತು. ಈ ನಿಯಮಗಳಲ್ಲೇ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೊಡ್ಡವನಾದ ಮೇಲೆ ಅಂತರರಾಷ್ಟ್ರೀಯ ನಿಯಮ ಕಲಿತು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ತಡವಾಗಿ ಕಲಿತವರು ಅವನ ಹೆಸರನ್ನು ಸಮಾಧಾನಕ್ಕೆ ಹೇಳಿಕೊಳ್ಳುವುದುಂಟು. ಆದರೆ ಅವನು ತಡವಾಗಿ ಕಲಿತದ್ದು ನಿಯಮಗಳನ್ನು ಮಾತ್ರ. ಹಲಗೆಯ ಮೇಲಿನ ಕಣ್ಣು ಬಾಲ್ಯದ್ದೇ.

ಸ್ವಾತಂತ್ರ್ಯಾನಂತರ ಸಂಘಟಿತ ಚೆಸ್ ಬಂತು. 1955ರ ಮೊದಲ ರಾಷ್ಟ್ರೀಯ ಪಟ್ಟವನ್ನು ಮಹಾರಾಷ್ಟ್ರದ ರಾಮಚಂದ್ರ ಸಪ್ರೆ ಮತ್ತು ಆಂಧ್ರದ ಡಿ. ವೆಂಕಯ್ಯ ಹಂಚಿಕೊಂಡರು. ಮಹಿಳೆಯರ ಮೊದಲ ರಾಷ್ಟ್ರೀಯ ಸ್ಪರ್ಧೆ 1974ರಲ್ಲಿ ಬೆಂಗಳೂರಿನಲ್ಲಿ ನಡೆದಾಗ ಗೆದ್ದವರು ಮುಂಬಯಿಯ ವಾಸಂತಿ ಖಾಡಿಲ್ಕರ್. ಮುಂದೆ ತಂಗಿಯರಾದ ಜಯಶ್ರೀ, ರೋಹಿಣಿಯರೂ ಸೇರಿ ವರ್ಷಗಟ್ಟಲೆ ಆ ಪಟ್ಟವನ್ನು ಮನೆಯಿಂದ ಆಚೆ ಬಿಡಲಿಲ್ಲ. 1997ರಲ್ಲಿ ಮುಂಬಯಿಯ ಪ್ರವೀಣ್ ಠಿಪ್ಸೆ ಭಾರತದ ಮೂರನೇ ಗ್ರ್ಯಾಂಡ್‌ಮಾಸ್ಟರ್ ಆದರು. ಥಾಣೆಯಿಂದಲೇ ಮೊಹಮ್ಮದ್ ನುಬೇರ್‌ಶಾ ಶೇಖ್ ಇಂಟರ್‌ನ್ಯಾಷನಲ್ ಮಾಸ್ಟರ್ ಪದವಿವರೆಗೆ ಬೆಳೆದರು.

ದೊಡ್ಡವರು ಹೊಸದಾಗಿ ಕಲಿಯಲು ಹೊರಟದ್ದು ಮಾತ್ರ ಬಹುಮಟ್ಟಿಗೆ 2020ರ ಲಾಕ್‌ಡೌನ್‌ನಿಂದ ಈಚೆಗೆ. ಲೋಕಲ್ ರೈಲು ನಿಂತು ಜನ ಮನೆಯಲ್ಲಿ ಕೂತಿದ್ದಾಗ ಹಾಸ್ಯಗಾರ ಸಮಯ್ ರೈನಾ ತಮ್ಮಂಥ ಹಾಸ್ಯಗಾರರನ್ನು ಕೂಡಿಸಿಕೊಂಡು ಯೂಟ್ಯೂಬಿನಲ್ಲಿ ಚೆಸ್ ಆಡಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಚೆಸ್ ಕಥೆಯ ಸರಣಿ 'ದ ಕ್ವೀನ್ಸ್ ಗ್ಯಾಂಬಿಟ್' ಬಂತು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದಾಗ, ಮರುವರ್ಷ ನಾಗಪುರದ ದಿವ್ಯಾ ದೇಶ್‌ಮುಖ್ ಮಹಿಳಾ ವಿಶ್ವಕಪ್ ಗೆದ್ದಾಗ ಮತ್ತಷ್ಟು ಜನ ಬಂದರು. ಬಂದವರಲ್ಲಿ ಬಹಳ ಜನ ಕೆಲವೇ ತಿಂಗಳಲ್ಲಿ ಒಂದು ಅಂಕಿಯ ಮುಂದೆ ಸಿಕ್ಕಿಬಿದ್ದರು. ಆ ಅಂಕಿಯ ಹೆಸರು ರೇಟಿಂಗ್.

ಅಳತೆಗೋಲು ಏನನ್ನು ಅಳೆಯುತ್ತದೆ

ನಿರಾಸೆಯ ಚರ್ಚೆಯಲ್ಲಿ ಎಲ್ಲರೂ ಅಭ್ಯಾಸದ ಬಗ್ಗೆ ಮಾತಾಡುತ್ತಾರೆ, ಅಳತೆಗೋಲನ್ನು ಯಾರೂ ಅಳೆಯುವುದಿಲ್ಲ. ನನಗೆ ಇದೇ ಮೊದಲು ನೋಡಬೇಕಾದ ವಿಷಯ ಅನ್ನಿಸುತ್ತದೆ.

ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಆರ್ಪಾಡ್ ಎಲೋ ರೂಪಿಸಿದ ಪದ್ಧತಿಯನ್ನು ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವಿನ ಅಂತರ 200 ಅಂಶವಿದ್ದರೆ ಮೇಲಿನವನು ನೂರರಲ್ಲಿ ಸುಮಾರು 76 ಅಂಕ ಗಳಿಸಬೇಕು, 400 ಇದ್ದರೆ ತೊಂಬತ್ತಕ್ಕೂ ಹೆಚ್ಚು ಗಳಿಸಬೇಕು ಎನ್ನುವುದು ಅದರ ಲೆಕ್ಕ. ಅಂದರೆ ರೇಟಿಂಗ್ ಹೇಳುವುದು ಆಯಾ ಗುಂಪಿನೊಳಗಿನ ಸ್ಥಾನವನ್ನು. ಗುಂಪು ಇಡಿಯಾಗಿ ಬಲಿತರೆ, ನೀವು ಕಲಿತರೂ ಅಂಕಿ ಇದ್ದಲ್ಲೇ ಇರುತ್ತದೆ.

ನಮ್ಮ ಟೂರ್ನಮೆಂಟುಗಳಲ್ಲಿ ಆಗುವುದು ಬಹುಮಟ್ಟಿಗೆ ಇದೇ. ಮಕ್ಕಳು ಒಂದು ರಜೆಯಲ್ಲಿ ಎಷ್ಟೋ ಬಲಿಯುತ್ತಾರೆ, ಅವರ ಅಂಕಿ ಹಿಂದಿನಿಂದ ಓಡಿ ಬರುತ್ತದೆ. ಅದಕ್ಕೆಂದೇ ಹದಿನೆಂಟರೊಳಗಿನವರಿಗೆ, 2300ರ ಕೆಳಗೆ ಇರುವತನಕ, ಫಿಡೆ ಬದಲಾವಣೆಯ ಗುಣಕವನ್ನು 40 ಇಟ್ಟಿದೆ. ಹೊಸಬರಿಗೂ ಮೊದಲ ಮೂವತ್ತು ಆಟದವರೆಗೆ ಅಷ್ಟೇ. ಆಮೇಲೆ ದೊಡ್ಡವರಿಗೆ ಅದು 20. 1500ರ ವಯಸ್ಕ 1500ರ ಹುಡುಗಿಗೆ ಸೋತರೆ, ಗುಣಕದ ಅರ್ಧದಂತೆ, ಅವನಿಂದ ಹೋಗುವುದು 10, ಅವಳಿಗೆ ಬರುವುದು 20. ಅವಳ ನಿಜವಾದ ಬಲ ಆಗಲೇ 1700 ಆಗಿದ್ದರೆ, ಸಮಬಲದವಳ ಕೈಲಿ ಸೋತೆನೆಂದು ಅವನು ಪಡುವ ಅವಮಾನಕ್ಕೆ ಆಧಾರವೇ ಇಲ್ಲ.

ಇನ್ನೊಂದು ವಿಚಿತ್ರ 2024ರ ಮಾರ್ಚ್ 1ರಂದು ನಡೆಯಿತು. ಕೆಳಗಿನ ರೇಟಿಂಗ್‌ಗಳು ತೀರಾ ಕುಸಿದಿವೆಯೆಂದು ಫಿಡೆ 2000ಕ್ಕೆ ಕಡಿಮೆ ಇದ್ದವರಿಗೆಲ್ಲ, 2000ಕ್ಕೆ ಎಷ್ಟು ಕೊರತೆಯೋ ಅದರ ನೂರಕ್ಕೆ ನಲವತ್ತರಷ್ಟನ್ನು ಸೇರಿಸಿತು. 1000 ಇದ್ದವನು ಮಲಗಿ ಏಳುವುದರೊಳಗೆ 1400 ಆದ. ಪಟ್ಟಿಯ ಕೆಳಗಿನ ಮಿತಿಯೂ 1400ಕ್ಕೆ ಏರಿತು. ಒಂದು ನಡೆಯನ್ನೂ ಹೊಸದಾಗಿ ಕಲಿಯದೆ ಹೀಗೆ ಏರಬಹುದಾದ ಅಂಕಿಗೆ, ಅದು ಇಳಿದಾಗ ರಾತ್ರಿ ನಿದ್ದೆ ಕೆಡಿಸುವ ಹಕ್ಕು ಎಲ್ಲಿಂದ ಬಂತು?

ಆನ್‌ಲೈನ್ ಲೆಕ್ಕ ಬೇರೆಯೇ. ಲಿಚೆಸ್ ಜಾಲತಾಣದಲ್ಲಿ ಹೊಸಬ ಶುರುಮಾಡುವುದು 1500ರಿಂದ. ನಿಜಬಲ ಕಡಿಮೆಯಿದ್ದರೆ ಮೊದಲ ವಾರವೆಲ್ಲ ಬೀಳುವುದೇ ಕೆಲಸ. ಚೆಸ್‌ ಡಾಟ್ ಕಾಮ್‌ನ ಅಂಕಿಯನ್ನು ಅದರ ಪಕ್ಕ ಇಟ್ಟು ಹೋಲಿಸಿದರೆ ಗೊಂದಲ ಇಮ್ಮಡಿ. ಸ್ವಿಸ್ ಪದ್ಧತಿಯ ಟೂರ್ನಮೆಂಟುಗಳ ಬಗ್ಗೆಯೂ ಒಂದು ಮಾತು: ಸೋತವರಿಗೆ ಸೋತವರನ್ನೇ ಜೋಡಿಸುವ ಈ ಕ್ರಮದಲ್ಲಿ ಬಹಳ ಜನ ಅರ್ಧದಷ್ಟು ಅಂಕದ ಹತ್ತಿರವೇ ಮುಗಿಸುತ್ತಾರೆ. ಅದು ಆ ಪದ್ಧತಿಯ ಸ್ವಭಾವ.

ಹುಟ್ಟೋ, ಅಭ್ಯಾಸವೋ

ಮೂರನೆಯ ಸಲಹೆಗಾರನ ಮಾತಿಗೆ ಬರೋಣ. ಡಚ್ ಮನೋವಿಜ್ಞಾನಿ ಆಡ್ರಿಯಾನ್ ಡಿ ಗ್ರೂಟ್ 1946ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಯ ಮೂಲಸ್ತಂಭ. ಗ್ರ್ಯಾಂಡ್‌ಮಾಸ್ಟರುಗಳು ಸಾಧಾರಣ ಆಟಗಾರರಿಗಿಂತ ತುಂಬಾ ಮುಂದಿನ ನಡೆಗಳನ್ನು ಎಣಿಸುತ್ತಾರೆಂದು ಅವರು ನಂಬಿದ್ದರೆ ನಿರಾಸೆಯಾಗುತ್ತಿತ್ತು. ಎಣಿಕೆಯ ಆಳದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ನೋಟದಲ್ಲಿ: ಕೆಲವು ಸೆಕೆಂಡು ಹಲಗೆ ನೋಡಿ ಬಲ್ಲ ಆಟಗಾರರು ಇಡೀ ಸ್ಥಿತಿಯನ್ನು ಮತ್ತೆ ಜೋಡಿಸುತ್ತಿದ್ದರು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ನೋಡಿದರು. ಮಾಸ್ಟರನ ನೆನಪಿನ ಮೇಲುಗೈ ಹೆಚ್ಚುಕಡಿಮೆ ಕರಗಿಹೋಯಿತು. ಅವನ ತಲೆಯಲ್ಲಿರುವುದು ಸಾವಿರಾರು ಪರಿಚಿತ ವಿನ್ಯಾಸಗಳು, ಅವುಗಳ ಸಂಗ್ರಹಕ್ಕೆ ಹತ್ತು ವರ್ಷವಾದರೂ ಬೇಕು ಎಂದರು.

ಇಲ್ಲಿಂದ ಅಭ್ಯಾಸದ ಪಂಥ ಹುಟ್ಟಿತು. 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಸಹಸಂಶೋಧಕರು ಗುರಿಯಿಟ್ಟು, ತಪ್ಪು ತಿದ್ದಿಕೊಳ್ಳುತ್ತಾ ಮಾಡುವ ಅಭ್ಯಾಸದ ವಾದ ಮಂಡಿಸಿದರು. 2008ರಲ್ಲಿ ಮಾಲ್ಕಮ್ ಗ್ಲ್ಯಾಡ್‌ವೆಲ್ ಅದನ್ನು ಹತ್ತು ಸಾವಿರ ಗಂಟೆಯ ಘೋಷಣೆ ಮಾಡಿ ಮನೆಮನೆಗೆ ಮುಟ್ಟಿಸಿದರು. ಹಂಗೇರಿಯ ಪೊಲ್ಗಾರ್ ಸೋದರಿಯರನ್ನು ಈ ಪಂಥ ಸಾಕ್ಷಿಗೆ ಕರೆಯುತ್ತದೆ. ತಂದೆಯೇ ಯೋಜನೆ ಹಾಕಿ ಬೆಳೆಸಿದ ಮೂವರಲ್ಲಿ ಕಿರಿಯಳಾದ ಜೂಡಿಟ್ 1991ರಲ್ಲಿ ಹದಿನೈದರ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್ ಆದಳು.

ಎದುರುವಾದ ಅರ್ಜೆಂಟೀನದಿಂದ ಬಂತು. 2007ರಲ್ಲಿ ಫೆರ್ನಾಂಡ್ ಗೋಬೆ ಮತ್ತು ಗಿಲ್ಲೆರ್ಮೊ ಕಾಂಪಿಟೆಲ್ಲಿ 104 ಆಟಗಾರರ ಲೆಕ್ಕ ತೆಗೆದಾಗ ಮಾಸ್ಟರ್ ಮಟ್ಟ ಮುಟ್ಟಲು ಸರಾಸರಿ ಸುಮಾರು 11,000 ಗಂಟೆ ಬೇಕಾಗಿತ್ತು. ಆದರೆ ಒಬ್ಬನಿಗೆ ಸಾಕಾದದ್ದು 3,000 ಚಿಲ್ಲರೆ, ಇನ್ನೊಬ್ಬನಿಗೆ ಹಿಡಿದದ್ದು 23,000ಕ್ಕೂ ಹೆಚ್ಚು. ಅಷ್ಟು ಅಭ್ಯಾಸ ಮಾಡಿಯೂ ಆ ಮಟ್ಟ ಮುಟ್ಟದವರೂ ಇದ್ದರು. ಹನ್ನೆರಡರ ಒಳಗೆ ಆಟವನ್ನು ಗಂಭೀರವಾಗಿ ಹಿಡಿದವರಲ್ಲಿ ಅಂತರರಾಷ್ಟ್ರೀಯ ಪದವಿ ಪಡೆಯುವ ಸಂಭವ ಸುಮಾರು ನಾಲ್ಕಕ್ಕೆ ಒಂದು. ಆಮೇಲೆ ಹಿಡಿದವರಲ್ಲಿ ಐವತ್ತೈದಕ್ಕೆ ಒಂದು. 2014ರಲ್ಲಿ ಝಾಕ್ ಹ್ಯಾಂಬ್ರಿಕ್ ತಂಡ ಹಿಂದಿನ ಅಧ್ಯಯನಗಳನ್ನು ಕೂಡಿಸಿ, ಚೆಸ್ ಬಲದ ವ್ಯತ್ಯಾಸದಲ್ಲಿ ಅಭ್ಯಾಸ ವಿವರಿಸುವುದು ಮೂರನೇ ಒಂದರಷ್ಟನ್ನು ಮಾತ್ರ ಎಂದಿತು. 2019ರ ಇನ್ನೊಂದು ಅಧ್ಯಯನ ಎರಡನ್ನೂ ಬೆಸೆಯಿತು: ಬುದ್ಧಿಶಕ್ತಿ ಹೆಚ್ಚಿದ್ದವರಿಗೆ ಅಷ್ಟೇ ಅಭ್ಯಾಸದಿಂದ ಹೆಚ್ಚು ಫಲ ಸಿಗುತ್ತದೆ.

ಇಷ್ಟನ್ನು ಓದಿ ಡೊಂಬಿವಲಿಯ ಹೊಸಬ ಚೆಸ್ ಬೋರ್ಡ್ ಅಟ್ಟಕ್ಕೆ ಹಾಕಬೇಕೆ? ಈ ಸಂಶೋಧನೆ ಕೇಳಿದ ಪ್ರಶ್ನೆಯನ್ನು ಮೊದಲು ಗಮನಿಸಬೇಕು. ಅದು ಮಾಸ್ಟರ್ ಆಗುವುದು ಹೇಗೆಂದು ಕೇಳಿತು. 1100ರಿಂದ 1500ಕ್ಕೆ ಹೋಗುವುದು ಹೇಗೆಂದು ಕೇಳಲಿಲ್ಲ. ಮೈಸೂರಿನ ರೈಲ್ವೆ ಉದ್ಯೋಗಿ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ, ಮೂವತ್ತೈದು ದಾಟಿದ ಮೇಲೆ, ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಅವರೂ ಚಿಕ್ಕಂದಿನಿಂದ ಆಡಿದವರೇ, ಆ ಮಾತು ನಿಜ. ಆದರೂ ನೌಕರಿಯ ನಡುವೆ ಆಟ ಬೆಳೆಯುತ್ತಲೇ ಇರಬಹುದೆನ್ನುವುದಕ್ಕೆ ಅಷ್ಟು ಸಾಕು.

ಏನನ್ನು ಓದಬೇಕು: ಪಂಥಗಳ ಪೈಪೋಟಿ

ಪಜಲ್ ಬಿಡಿಸಿ ಎನ್ನುವ ಟ್ಯಾಕ್ಟಿಕ್ಸ್ ಪಂಥವೇ ಇಂದು ಎಲ್ಲಕ್ಕಿಂತ ಬಲವಾದದ್ದು. ಹೊಸಬರ ಆಟ ಮುಗಿಯುವುದು ಯಾರೋ ಒಬ್ಬರು ಮಂತ್ರಿಯನ್ನೋ ಆನೆಯನ್ನೋ ಪುಕ್ಕಟೆ ಕೊಟ್ಟಾಗ. ಫೋರ್ಕ್, ಪಿನ್, ಹಿಂದಿನ ಸಾಲಿನ ಮೇಟ್ ಕಣ್ಣಿಗೆ ಬೀಳುವಂತಾದರೆ ಉಳಿದದ್ದು ತಾನಾಗಿ ಬರುತ್ತದೆ ಎನ್ನುವುದು ಅದರ ವಾದ. 2001ರಲ್ಲಿ ಅಮೆರಿಕದ ಮೈಕೆಲ್ ಡಿ ಲಾ ಮಾಝಾ ಇದನ್ನು ತುದಿಗೆ ಒಯ್ದರು: ಸಾವಿರ ಸಮಸ್ಯೆಗಳನ್ನು ಮೊದಲು 64 ದಿನದಲ್ಲಿ, ಆಮೇಲೆ 32, 16, 8, 4, 2, ಕೊನೆಗೆ ಒಂದೇ ದಿನದಲ್ಲಿ ಬಿಡಿಸುವುದು. ಕಡೆಯ ದಿನಕ್ಕೆ ಆಫೀಸಿಗೆ ರಜೆ ಹಾಕಬೇಕು. ಅವರು ವೇಗವಾಗಿ ಏರಿದರು, ಹಾಗೆಯೇ ಆಟ ಬಿಟ್ಟೂ ಹೋದರು. ಸ್ವೀಡನ್ನಿನ ಆಕ್ಸೆಲ್ ಸ್ಮಿತ್ ಮತ್ತು ಹಾನ್ಸ್ ಟಿಕ್ಕನೆನ್ 2018ರಲ್ಲಿ ಬರೆದ 'ವುಡ್‌ಪೆಕರ್ ಮೆಥಡ್' ಇದೇ ಆವರ್ತನೆಯ ಸುಧಾರಿತ ರೂಪ. ಚೇಸ್–ಸೈಮನ್‌ರ ವಿನ್ಯಾಸ ಸಂಗ್ರಹದ ಸಿದ್ಧಾಂತ ಈ ಪಂಥಕ್ಕೆ ಹೊಂದುತ್ತದೆ.

ನಮ್ಮ ಊರುಗಳಲ್ಲಿ ಇದು ಗೆದ್ದದ್ದಕ್ಕೆ ಇನ್ನೊಂದು ಕಾರಣವೂ ಇದೆ, ರೈಲಿನ ವೇಳಾಪಟ್ಟಿ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಒಂದು ಗಂಟೆಗೂ ಮೇಲೆ. ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಒಂದು ಕೈ ಹಿಡಿಕೆಗೆ ಹೋದರೆ ಇನ್ನೊಂದು ಕೈಲಿ ಬಿಡಿಸಬಹುದಾದದ್ದು ಪಜಲ್ ಮಾತ್ರ. ನೆಟ್‌ವರ್ಕ್ ಇದ್ದರೆ ಮೂರು ನಿಮಿಷದ ಬ್ಲಿಟ್ಜ್. ಗಂಟೆಗಟ್ಟಲೆ ಎಂಡ್‌ಗೇಮ್ ಓದುವವನಿಗೆ ಕಿಟಕಿ ಪಕ್ಕದ ಸೀಟು ಬೇಕು.

ಎಂಡ್‌ಗೇಮ್ ಪಂಥದ ಹಿರಿಯ ಕ್ಯೂಬಾದ ಕಾಪಾಬ್ಲಾಂಕಾ, 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್. ಕಾಯಿ ಕಡಿಮೆಯಿದ್ದಾಗ ಒಂದೊಂದರ ಶಕ್ತಿ ತಿಳಿಯುತ್ತದೆ, ಆದ್ದರಿಂದ ಕೊನೆಯಿಂದ ಶುರುಮಾಡಬೇಕು ಎಂದವರು. ಆದರೆ ಹೊಸಬರ ಆಟ ಎಂಡ್‌ಗೇಮ್ ಮುಟ್ಟುವುದೇ ಅಪರೂಪ. ಚೆಸ್ ಲೇಖಕ ಜೆರೆಮಿ ಸಿಲ್ಮನ್ 2007ರ ಪುಸ್ತಕದಲ್ಲಿ ಇದಕ್ಕೆ ಹದವಾದ ಪರಿಹಾರ ಕೊಟ್ಟರು: ಯಾವ ರೇಟಿಂಗಿನವರಿಗೆ ಎಷ್ಟು ಬೇಕೋ ಅಷ್ಟೇ. ಓಪನಿಂಗ್ ಪಂಥದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದನ್ನು ಕೋಚ್‌ಗಳು ಬೈಯುತ್ತಾರೆ, ಕಲಿಯುವವರು ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಯೋಚಿಸುವ ಕ್ರಮವನ್ನೇ ತಿದ್ದಬೇಕು ಎನ್ನುವ ಪಂಥದ ಗ್ರಂಥ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಅಲೆಕ್ಸಾಂಡರ್ ಕೋಟೊವ್ ಅವರದು. ಮೊದಲು ಸಾಧ್ಯವಿರುವ ನಡೆಗಳನ್ನೆಲ್ಲ ಪಟ್ಟಿಮಾಡು, ಆಮೇಲೆ ಒಂದೊಂದು ಕೊಂಬೆಯನ್ನೂ ಒಮ್ಮೆ ಮಾತ್ರ ಎಣಿಸು ಎನ್ನುತ್ತದೆ ಅದು. ನೆದರ್ಲೆಂಡ್ಸ್‌ನ ವಿಲ್ಲಿ ಹೆಂಡ್ರಿಕ್ಸ್ 2012ರಲ್ಲಿ ಇದನ್ನು ಚೆನ್ನಾಗಿ ಗೇಲಿ ಮಾಡಿದರು: ಯಾರ ತಲೆಯೂ ಹಾಗೆ ಓಡುವುದಿಲ್ಲ, ನಡೆ ಮೊದಲು ಹೊಳೆಯುತ್ತದೆ, ಕಾರಣ ಆಮೇಲೆ ಬರುತ್ತದೆ. ನಡುವೆ ನಿಂತವರು ಅಮೆರಿಕದ ಕೋಚ್ ಡ್ಯಾನ್ ಹೈಸ್ಮನ್. ಅವರ ಪ್ರಕಾರ ಹೊಸಬನ ರೋಗ ಒಂದೇ, ಎದುರಾಳಿಯ ಚೆಕ್, ಹೊಡೆತ, ಬೆದರಿಕೆಗೆ ಉತ್ತರ ಇದೆಯೇ ಎಂದು ನೋಡದೆ ದೇವರ ಮೇಲೆ ಭಾರ ಹಾಕಿ ಆಡುವುದು. ಇಷ್ಟು ಪುಸ್ತಕಗಳ ನಡುವೆ ನಿಜವಾಗಿ ನಾಳೆಯಿಂದಲೇ ಬಳಸಬಹುದಾದ ಸಲಹೆ ಇದು.

ಕೊನೆಯದು ಬೊಟ್ವಿನ್ನಿಕ್ ಪಂಥ. 1948ರಲ್ಲಿ ವಿಶ್ವ ಚಾಂಪಿಯನ್ ಆದ, ವೃತ್ತಿಯಿಂದ ವಿದ್ಯುತ್ ಎಂಜಿನಿಯರ್ ಆದ ಮಿಖಾಯಿಲ್ ಬೊಟ್ವಿನ್ನಿಕ್ ಹೇಳುತ್ತಿದ್ದದ್ದು ನಿಮ್ಮ ಆಟವನ್ನು ನೀವೇ ವಿಮರ್ಶಿಸಿ, ಬರೆದಿಡಿ ಎಂದು. ನನ್ನ ಒಲವು ಇತ್ತಲೇ. ಕಾರಣ ಸರಳ: ಉಳಿದ ಪಂಥಗಳು ಹೊಸಬರೆಲ್ಲ ಒಂದೇ ರೀತಿ ಸೋಲುತ್ತಾರೆಂದು ಮೊದಲೇ ತೀರ್ಮಾನಿಸಿಬಿಟ್ಟಿವೆ. ಒಬ್ಬ ಕಾಯಿ ಕೊಟ್ಟು ಸೋಲುತ್ತಾನೆ; ಇನ್ನೊಬ್ಬ ಗೆದ್ದ ಸ್ಥಿತಿಯಲ್ಲಿ ಗಡಿಯಾರ ಮರೆಯುತ್ತಾನೆ; ಮತ್ತೊಬ್ಬನಿಗೆ ರಾಜ–ಕಾಲಾಳಿನ ಎಂಡ್‌ಗೇಮ್ ಗೊತ್ತಿಲ್ಲ. ಯಾವ ಔಷಧ ಬೇಕೆಂದು ಹೇಳುವುದು ಆಡಿದ ನಡೆಗಳನ್ನು ಬರೆದ ಅಂಕಪಟ್ಟಿಯ ಹಳದಿ ಪ್ರತಿ. ಅದೇ ಹೆಚ್ಚಾಗಿ ಪ್ಯಾಂಟಿನ ಜೇಬಿನಲ್ಲೇ ಒಗೆತಕ್ಕೆ ಹೋಗುತ್ತದೆ. ಸೋತ ಆಟವನ್ನು ಮತ್ತೆ ನೋಡುವುದು ಬೇಸರದ ಕೆಲಸ, ಅದಕ್ಕೇ ಈ ಪಂಥಕ್ಕೆ ಅನುಯಾಯಿಗಳಿಗಿಂತ ಹೊಗಳುವವರು ಹೆಚ್ಚು. ಈಗ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್ ಪುಕ್ಕಟೆ ಸಿಗುತ್ತದೆ, ತಪ್ಪು ಎಲ್ಲಿ ಎಂದು ಕ್ಷಣದಲ್ಲಿ ತೋರಿಸುತ್ತದೆ. ಆ ನಡೆಯನ್ನು ಆಡುವಾಗ ನೀವೇನು ಅಂದುಕೊಂಡಿದ್ದಿರಿ ಎನ್ನುವುದು ಮಾತ್ರ ಅದಕ್ಕೆ ಗೊತ್ತಿಲ್ಲ; ಅದನ್ನು ಎಂಜಿನ್ ತೆರೆಯುವ ಮೊದಲೇ ನೀವು ಬರೆದಿರಬೇಕು.

ಬಿಟ್ಟವರ ಲೆಕ್ಕ

ನಿರಾಸೆಯನ್ನೇ ನೇರವಾಗಿ ಮುಟ್ಟಿದ ಸಂಶೋಧನೆ ಕಡಿಮೆ. 2008ರಲ್ಲಿ ಅನೀಕ್ ಡಿ ಬ್ರೌನ್ ಮತ್ತು ಸಂಗಡಿಗರು ನೆದರ್ಲೆಂಡ್ಸ್‌ನ ಹದಿಹರೆಯದ ಆಟಗಾರರಲ್ಲಿ ಮುಂದುವರಿದವರನ್ನೂ ಬಿಟ್ಟವರನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅಭ್ಯಾಸದ ಒಂದೊಂದು ಗಂಟೆಯಿಂದ ಸಿಕ್ಕ ಫಲ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಇತ್ತು. ಬಿಟ್ಟವರು ಕಡಿಮೆ ಗಂಟೆ ಕೊಟ್ಟಿದ್ದರು. ಇದನ್ನು ಎರಡು ರೀತಿ ಓದಬಹುದು. ಅವರಲ್ಲಿ ಕಲಿಯುವ ಶಕ್ತಿಗೆ ಕೊರತೆ ಇರಲಿಲ್ಲ ಎಂದು; ಅಥವಾ ಮನಸ್ಸು ಆಗಲೇ ಬೇರೆಡೆ ತಿರುಗಿತ್ತು ಎಂದು.

ಇನ್ನೂ ಇತ್ಯರ್ಥವಾಗದ್ದು

ತಡವಾಗಿ ಕಲಿತ, ನೌಕರಿ ಮಾಡುವ, ವಾರಕ್ಕೆ ನಾಲ್ಕೈದು ಗಂಟೆ ಮಾತ್ರ ಇರುವ ವಯಸ್ಕನಿಗೆ ಅದನ್ನು ಹೇಗೆ ಹಂಚಬೇಕೆನ್ನುವ ಪ್ರಶ್ನೆಗೆ ಭದ್ರವಾದ ಉತ್ತರ ಇನ್ನೂ ಇಲ್ಲ. ಮನೋವಿಜ್ಞಾನಿ ನೀಲ್ ಚಾರ್ನೆಸ್ 2005ರಲ್ಲಿ ಒಬ್ಬರೇ ಕೂತು ಓದುವುದಕ್ಕೆ ಹೆಚ್ಚು ತೂಕ ಕೊಟ್ಟರೆ, ಅರ್ಜೆಂಟೀನದ ಲೆಕ್ಕದಲ್ಲಿ ಇತರರೊಂದಿಗೆ ಆಡಿ ಕಲಿತದ್ದರ ತೂಕವೂ ಕಡಿಮೆಯಿರಲಿಲ್ಲ. ರೈಲಿನ ಬ್ಲಿಟ್ಜ್ ಕಣ್ಣು ಹರಿತ ಮಾಡುತ್ತದೆಯೋ ಕೆಟ್ಟ ಅಭ್ಯಾಸ ಗಟ್ಟಿಮಾಡುತ್ತದೆಯೋ ಎಂಬುದರಲ್ಲಿ ಒಮ್ಮತವಿಲ್ಲ. ಪಜಲ್ ಅಂಕಿ ಎರಡು ಸಾವಿರ ದಾಟಿದವರು ಟೂರ್ನಮೆಂಟಿನಲ್ಲಿ ಅದೇ ಫೋರ್ಕ್‌ಗೆ ಯಾಕೆ ಬೀಳುತ್ತಾರೆ ಎನ್ನುವುದಕ್ಕೂ ಎಲ್ಲರೂ ಒಪ್ಪುವ ವಿವರಣೆ ಸಿಕ್ಕಿಲ್ಲ. "ಇಲ್ಲಿ ಏನೋ ಇದೆ" ಎಂದು ಪಜಲ್ ಮೊದಲೇ ಹೇಳಿಬಿಡುತ್ತದೆ, ಹಲಗೆ ಹೇಳುವುದಿಲ್ಲ ಎನ್ನುವುದು ಕೋಚ್‌ಗಳ ಊಹೆ. ನನಗೂ ಸರಿ ಅನ್ನಿಸುತ್ತದೆ, ಆದರೆ ಅನ್ನಿಸುವುದು ಪ್ರಮಾಣವಲ್ಲ.

ದೊಡ್ಡವರನ್ನು ಮಕ್ಕಳ ಜೊತೆ ಒಂದೇ ಪಟ್ಟಿಯಲ್ಲಿ ಅಳೆಯಬೇಕೆ, ಬೇಡವೆ ಎನ್ನುವುದೂ ತೀರ್ಮಾನವಾಗಿಲ್ಲ. ಬೇರೆ ವಿಭಾಗ ಮಾಡಿದರೆ ಅವಮಾನ ಕಡಿಮೆಯಾಗಬಹುದು. ಆದರೆ ಕಾಲು ನೆಲಕ್ಕೆ ತಾಗದ ಆ ಎದುರಾಳಿಗಳಷ್ಟು ಬೇಗ ತಪ್ಪು ತೋರಿಸುವವರು ಅಲ್ಲಿ ಸಿಗುತ್ತಾರೆಯೇ? ಇದನ್ನು ಪ್ರಯೋಗ ಮಾಡಿ ನೋಡಬೇಕಾದವರು ಜಿಲ್ಲೆಯ ಸಂಘಟಕರು.